ಮರವೇರುವವನೂ ಮಲೆಯ ಒಡೆತನವೂ

ಗೃಹಸ್ಥರ ಮನೆಯಲ್ಲಿ ಜೇನುತುಪ್ಪವು ಇಲ್ಲದಿರುವುದು ಅಪೂರ್ವ. ದೇವರ ಪಂಚಾಮೃತಕ್ಕೆ ಅದು ಬೇಕು. ಮದುವೆಯಲ್ಲಿ ವರನಿಗೆ ಕೊಡುವ ಮಧುಪರ್ಕಕ್ಕೆ ಅದು ಬೇಕು. ವೈದ್ಯರು ಕೊಟ್ಟ ಚೂರ್ಣವನ್ನು ಕಲಸುವುದಕ್ಕೂ, ಕೆಮ್ಮುವ ಹುಡುಗನಿಗೆ ಶುಂಠಿಯ ರಸದೊಡನೆ ನೆಕ್ಕಿಸುವುದಕ್ಕೂ ಅದೇ ಬೇಕು. ಸೀಸೆಯು ಬರಿದಾದರೆ ಮನೆಯೊಡತಿಯು ಮತ್ತೊಂದನ್ನು ತರಿಸುತ್ತಾಳೆ. ಆದರೆ ಈ ಜೇನು ಯಾವ ಮಲೆಯದು, ಅದನ್ನು ಕೊಂಬೆಯಿಂದ ಇಳಿಸಿದವನು ಯಾರು, ಆ ಮಲೆಯ ವಿಷಯದಲ್ಲಿ ಅವನಿಗಿರುವ ಅಧಿಕಾರವೇನು ಎಂದು ಕೇಳಿಕೊಳ್ಳುವವರು ನಮ್ಮಲ್ಲಿ ವಿರಳ. ವಾಚಕರು ಸ್ವಲ್ಪ ಹೊತ್ತು ನನ್ನೊಡನೆ ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ಬೇಡುತ್ತೇನೆ.

ನಾನು ಕುಳಿತು ಬರೆಯುತ್ತಿರುವ ಧನಗೆರೆಯು ಕೊಳ್ಳೇಗಾಲದ ಸೀಮೆಯ ಒಂದು ಹಳ್ಳಿ. ಈ ಸೀಮೆಗೂ ಯಳಂದೂರಿಗೂ ನೆರೆಯಾಗಿ ಬಿಳಿಗಿರಿರಂಗನ ಬೆಟ್ಟದ ಸಾಲು ಇದೆ. ಹನೂರಿನಿಂದಾಚೆಗೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳೆಂದು ಜನರು ಹೇಳುವ ಕಾಡು ಇದೆ. ಈ ಎರಡು ಕಾಡುಗಳಲ್ಲಿಯೂ ತಲೆತಲಾಂತರದಿಂದ ವಾಸವಾಗಿರುವವರು ಸೋಲಿಗರು. ಬಿಳಿಗಿರಿಯ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ಕಥೆಯನ್ನು ಹೇಳಿ, ಆ ಸ್ವಾಮಿಯನ್ನೇ ಅವರು ಭಾವನೆಂದು ಕರೆಯುತ್ತಾರೆ. ದೇವರೊಡನೆಯೇ ನಂಟಸ್ತನವನ್ನು ಬೆಳೆಸಿದ ಜನರು ಆ ದೇವರ ಬೆಟ್ಟದಲ್ಲಿ ತಾವು ಪರಕೀಯರೆಂದು ಹೇಗೆ ತಾನೇ ಒಪ್ಪಿಯಾರು!

ಜೇನುಗಳಲ್ಲಿ ಹಲವು ಜಾತಿಗಳುಂಟು. ತುಡುವೆ ಜೇನು ಪೊಟರೆಯಲ್ಲಿ ಅಡಗಿರುತ್ತದೆ; ಕೋಲುಜೇನು ಪೊದೆಯ ಕಡ್ಡಿಗೆ ಕಟ್ಟುತ್ತದೆ. ಇವೆರಡನ್ನೂ ನೆಲದ ಬಳಿಯಲ್ಲಿಯೇ ತೆಗೆಯಬಹುದು. ಆದರೆ ಹೆಜ್ಜೇನಿನ ಮಾತೇ ಬೇರೆ. ಅದು ಮುಗಿಲನ್ನು ಮುಟ್ಟುವ ಮರದ ಕೊಂಬೆಗೋ, ಕಡಿದಾದ ಬಂಡೆಯ ಅಂಚಿಗೋ ಒಂದೇ ಎರೆಯನ್ನು ತೂಗುಬಿಡುತ್ತದೆ. ಒಂದೇ ಮರದಲ್ಲಿ ಹತ್ತಾರು ಎರೆಗಳು ತೂಗುವುದೂ ಉಂಟು. ವರ್ಷದ ಒಂದು ಭಾಗದಲ್ಲಿ ಈ ಹುಳುಗಳು ಬೇರೆ ಕಡೆಗೆ ವಲಸೆ ಹೋಗಿ, ಹೂವಿನ ಕಾಲಕ್ಕೆ ಮತ್ತೆ ಅದೇ ಮರಕ್ಕೆ ಬರುವುದುಂಟು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಸೋಲಿಗನು ಸೊಪ್ಪಿನ ಹೊಗೆಯನ್ನು ಹಿಡಿದು ಮರವನ್ನೇರುತ್ತಾನೆ. ಎರೆಯ ಮೇಲ್ಭಾಗದಲ್ಲಿ, ಕೊಂಬೆಗೆ ಅಂಟಿದಂತೆ ತುಪ್ಪವಿರುತ್ತದೆ, ಕೆಳಭಾಗದಲ್ಲಿ ಮರಿಗಳಿರುತ್ತವೆ. ಇದನ್ನು ಬಲ್ಲವನು ತುಪ್ಪದ ಭಾಗವನ್ನು ಮಾತ್ರ ಕೊಯ್ಯುತ್ತಾನೆ. ಅರಿಯದವನು ಎಲ್ಲವನ್ನೂ ಹಾಳುಮಾಡುತ್ತಾನೆ. ಕೈತಪ್ಪಿದರೆ ಪ್ರಾಣವೇ ಹೋಗುವ ಈ ಕೆಲಸಕ್ಕೆ ಯಾವ ಪಾಠಶಾಲೆಯೂ ಇಲ್ಲ; ಮಗನು ತಂದೆಯ ಹಿಂದೆ ಹತ್ತಿ ಹತ್ತಿಯೇ ಕಲಿಯಬೇಕು.

ಮರವೇರುವವನಿಗೆ ಕಾಡು ಮೇಲಿನಿಂದ ಕಾಣುತ್ತದೆ. ಯಾವ ಕಣಿವೆಯಲ್ಲಿ ಯಾವ ಹೂವು ಅರಳಿತು, ಯಾವ ಮರ ಒಣಗಿತು, ಯಾವ ಹಳ್ಳದಲ್ಲಿ ನೀರು ಬತ್ತಿತು ಎಂಬುದನ್ನು ಅವನು ಲೆಕ್ಕದ ಪುಸ್ತಕವಿಲ್ಲದೆಯೇ ತಿಳಿದಿರುತ್ತಾನೆ. ಜೇನನ್ನು ಇಳಿಸಿದಾಗ ಒಂದು ತುಂಡು ಎರೆಯನ್ನು ನೆಲದ ಮೇಲೆ ಹುಲಿಗಾಗಿ ಬಿಡುವ ರೂಢಿಯನ್ನು ಸೋಲಿಗರು ಹೇಳಿದ್ದಾರೆ. ಕರಡಿಯೂ ಮನುಷ್ಯನೂ ಮರವೇರಬಲ್ಲರು. ಹುಲಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಅದರ ಪಾಲು ಕೆಳಗಿರಬೇಕೆಂಬುದೇ ಅವರ ನ್ಯಾಯ. ಹುಲಿಯು ಅದನ್ನು ತಿನ್ನುವುದೋ ಬಿಡುವುದೋ, ಆ ಚರ್ಚೆ ಬೇಡ. ಹುಲಿಗೂ ಒಂದು ಪಾಲುಂಟೆಂದು ಎಣಿಸುವ ಮನಸ್ಸು ಎಂತಹುದೆಂಬುದನ್ನು ನೋಡಬೇಕು.

ಈಗ ಒಡೆತನದ ಮಾತು. ಯಳಂದೂರಿನ ಸೀಮೆಯನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಈ ಕಡೆಯ ಕಾಡಿಗೆ ಮದರಾಸಿನ 1882ರ ಅರಣ್ಯ ಕಾಯಿದೆಯೂ, ಆ ಕಡೆಯ ಕಾಡಿಗೆ ಮೈಸೂರಿನ 1900ರ ಅರಣ್ಯ ನಿಬಂಧನೆಯೂ ಅನ್ವಯಿಸುತ್ತಿದ್ದುವು. ಎರಡರಲ್ಲಿಯೂ ಕಾದಿಟ್ಟ ಅರಣ್ಯವು ಸರ್ಕಾರದ ಸೊತ್ತು; ಅಲ್ಲಿ ಬಾಳುವವನಿಗೆ ಸಿಗುವುದು ಅಪ್ಪಣೆ, ಹಕ್ಕಲ್ಲ. ಸ್ವಾತಂತ್ರ್ಯ ಬಂದ ಮೇಲೂ ಇದು ಬದಲಾಗಲಿಲ್ಲ. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು; 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿದರು. ಕಾಡು ಕಡಿದು ರಾಗಿ ಬಿತ್ತುವ ಪದ್ಧತಿಯು ನಿಂತಿತು. ಸೋಲಿಗರು ಒಂದೆಡೆ ನೆಲೆನಿಂತ ಪೋಡುಗಳಿಗೆ, ಎಂದರೆ ತಮ್ಮ ಹಟ್ಟಿಗಳಿಗೆ, ಸೇರಿದರು. ಬೇಸಗೆಯ ಮೊದಲಲ್ಲಿ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಯೂ ನಿಷಿದ್ಧವಾಯಿತು. ಆದರೂ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ ಮೊದಲಾದುವನ್ನು ಆಯ್ದು ಗಿರಿಜನರ ಸಹಕಾರ ಸಂಘಕ್ಕೆ ಮಾರುವುದಕ್ಕೆ ಅವಕಾಶವಿತ್ತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ, 2006ರ ಹೊತ್ತಿಗೆ ಅದಕ್ಕೂ ತಡೆ ಬಿದ್ದಿತು. ಮರವೇರಿ ಬದುಕುವವನಿಗೆ ಮರವೇರಬೇಡವೆಂದರೆ, ಕಮ್ಮಾರನ ಕುಲುಮೆಗೆ ನೀರೆರೆದಂತಾಯಿತು.

ಸಂಸ್ಕೃತದ ಪರಿಚಯವಿರುವವರಿಗೆ ಇಲ್ಲಿ ಒಂದು ಹಳೆಯ ವಿಚಾರವು ನೆನಪಿಗೆ ಬಾರದಿರದು. ವಿಶ್ವಜಿತ್ತೆಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡಬೇಕೆಂದು ವಿಧಿಯುಂಟು. ಹಾಗಾದರೆ ಸಾರ್ವಭೌಮನಾದ ರಾಜನು ಯಾಗಮಾಡಿದರೆ ಭೂಮಿಯನ್ನೇ ದಾನಕೊಡಬಹುದೇ ಎಂಬ ಪ್ರಶ್ನೆಯು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ಬರುತ್ತದೆ. ಕೊಡಲಾಗದೆಂದೇ ಅಲ್ಲಿನ ಸಿದ್ಧಾಂತ. ಭೂಮಿಯ ಸಂಬಂಧವು ಎಲ್ಲರಿಗೂ ಸಮಾನವಾದುದು. ರಾಜನಿಗಿರುವುದು ಪಾಲನೆಯ ಭಾರ, ಆ ಭಾರಕ್ಕೆ ಪ್ರತಿಯಾಗಿ ಬೆಳೆಯಲ್ಲೊಂದು ಭಾಗ. ಇದಕ್ಕೆ ವಿರುದ್ಧವಾದ ಮತವೂ ನಮ್ಮಲ್ಲಿ ಇಲ್ಲದಿಲ್ಲ. ಕೌಟಿಲ್ಯನು ಆನೆಗಳ ಕಾಡನ್ನೂ ವನಸಂಪತ್ತಿನ ಕಾಡನ್ನೂ ರಾಜನ ಅಧ್ಯಕ್ಷರ ಕೈಗೇ ಒಪ್ಪಿಸಿದ್ದಾನೆ. ಒಡೆತನ ಬೇರೆ, ಪಾಲನೆ ಬೇರೆ, ಭೋಗ ಬೇರೆ ಎಂಬ ವಿವೇಕವು ನಮಗೆ ಹೊಸದೇನಲ್ಲವೆಂದು ತಿಳಿದರೆ ಸಾಕು. ಈ ಮೂರನ್ನೂ ಒಂದೇ ಕೈಯಲ್ಲಿ ಕೂಡಿಸಿದುದರಿಂದಲೇ ಮಲೆಯ ತೊಡಕು ಬೆಳೆಯಿತು.

ಭಾರತದ ಸಂಸತ್ತು 2006ರಲ್ಲಿ ಅಂಗೀಕರಿಸಿದ ಅರಣ್ಯ ಹಕ್ಕುಗಳ ಕಾಯಿದೆಯು ಈ ತೊಡಕನ್ನು ಬಿಡಿಸುವ ಯತ್ನವನ್ನು ಮಾಡಿತು. ಕಾಡಿನ ನೆಲವನ್ನು ಅದು ಯಾರಿಗೂ ಮಾರಿಕೊಳ್ಳಲು ಕೊಡಲಿಲ್ಲ. ಸಾಗುವಳಿಯ ಹಕ್ಕು ಮಕ್ಕಳಿಗೆ ಬರುವುದು, ಪರಭಾರೆಗೆ ಬಾರದು. ಅದೂ 4 ಹೆಕ್ಟೇರಿಗೆ ಮೀರುವಂತಿಲ್ಲ. ಆದರೆ ಜೇನು ಮೊದಲಾದ ಕಿರು ಅರಣ್ಯೋತ್ಪನ್ನಗಳ ಒಡೆತನವು ಆಯುವವನದೆಂದೂ, ತಾನು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನು ಮುಂದೆಯೂ ಕಾಯುವ, ನೋಡಿಕೊಳ್ಳುವ ಅಧಿಕಾರವು ಆ ಸಮುದಾಯಕ್ಕುಂಟೆಂದೂ ಕಾಯಿದೆ ಹೇಳಿತು. ನಿರ್ಣಯಮಾಡುವ ಸ್ಥಾನವನ್ನು ಗ್ರಾಮಸಭೆಗೆ ಕೊಟ್ಟಿತು. ಆ ಸಭೆಯಲ್ಲಿ ನೆರೆದವರೊಳಗೆ ಮೂರರಲ್ಲೊಂದು ಪಾಲಾದರೂ ಸ್ತ್ರೀಯರಿರಬೇಕೆಂಬ ನಿಯಮವೂ ಬಂತು. ಒಲೆಗೆ ಸೌದೆಯನ್ನೂ ಮನೆಗೆ ಗೆಡ್ಡೆಗೆಣಸನ್ನೂ ತರುವವಳ ಮಾತಿಗೆ ಬೆಲೆ ಬಂದುದು ಮೆಚ್ಚತಕ್ಕ ವಿಷಯ.

2011ರ ಜನವರಿಯಲ್ಲಿ ಬಿಳಿಗಿರಿಯ ಕಾಡು ಹುಲಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿತವಾದಾಗ ಪೋಡುಗಳಲ್ಲಿ ದಿಗಿಲು ಹುಟ್ಟಿತು. ಸೋಲಿಗರು ಸುಮ್ಮನೆ ಕೂಡಲಿಲ್ಲ. ಸಂಶೋಧಕರ ನೆರವಿನಿಂದ ತಮ್ಮ ದೇವರ ತಾಣಗಳನ್ನೂ ಕುಲದ ಎಲ್ಲೆಗಳನ್ನೂ ನಕ್ಷೆಯ ಮೇಲೆ ಗುರುತಿಸಿದರು. ಗುರುತಾದ ತಾಣಗಳು ಸುಮಾರು ಐನೂರು! ಪಹಣಿಯ ಪತ್ರವಿಲ್ಲದ ಜನರಿಗೆ ದೊಡ್ಡಸಂಪಿಗೆಯಂತಹ ಮರಗಳೂ ಬಂಡೆಗಳೂ ತೊರೆಗಳೂ ಸಾಕ್ಷಿಯಾದುವು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತುವು. ಹುಲಿಯ ಕಾಡಿನೊಳಗೇ ಇರುವ ಜನರಿಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲ ಸಂಗತಿಗಳಲ್ಲೊಂದು.

ಇದಕ್ಕೆ ಬರುವ ಆಕ್ಷೇಪಣೆಯನ್ನೂ ಆಲಿಸಬೇಕು. ಹಿಂದೆ ಆಯ್ದುದು ಹೊಟ್ಟೆಗೆ, ಈಗ ಆಯುವುದು ಪೇಟೆಗೆ. ಜನ ಹೆಚ್ಚಿತು, ಆಸೆ ಹೆಚ್ಚಿತು. ಎಲ್ಲರ ಕೈಗೂ ಕೊಟ್ಟರೆ ಕಾಡು ಉಳಿಯುವುದೇ ಎಂದು ಕೆಲವರು ಕೇಳುತ್ತಾರೆ. ಸಂದೇಹವು ನಿರಾಧಾರವಲ್ಲ. ಅವಸರದಲ್ಲಿ ಎರೆಯನ್ನು ಪೂರ್ತಿ ಕಿತ್ತವರೂ, ಕಾಯಿಗಾಗಿ ಕೊಂಬೆಯನ್ನೇ ಕಡಿದವರೂ ಎಲ್ಲ ಕಡೆಯೂ ಇರುತ್ತಾರೆ. ಕಾವಲಿನವರು ಹಗಲಿರುಳು ದುಡಿಯದಿದ್ದರೆ ಕಳ್ಳಬೇಟೆಯು ತಗ್ಗುತ್ತಿರಲಿಲ್ಲವೆಂಬುದೂ ನಿಜ.

ಆದರೆ ಬರಿಯ ನಿಷೇಧವು ಏನನ್ನು ಮಾಡಿತೆಂಬುದನ್ನೂ ನೋಡೋಣ. ಹೂವಿನ ಚೆಲುವಿಗಾಗಿ ಹೊರನಾಡಿನಿಂದ ತಂದು ನೆಟ್ಟ ಲಂಟಾನದ ಮುಳ್ಳುಪೊದೆಯು ಬಿಳಿಗಿರಿಯ ಕಾಡನ್ನು ಕವಿಯಿತು. 1997ಕ್ಕೂ 2008ಕ್ಕೂ ನಡುವೆ ಅದರ ಹರಹು ಸುಮಾರು ಇಮ್ಮಡಿಯಾಯಿತೆಂದು ಸಂಶೋಧಕರು ಕಂಡರು. ತರಗಿನ ಬೆಂಕಿಯು ನಿಂತುದರಿಂದಲೇ ಹೀಗಾಯಿತೆಂಬುದು ಸೋಲಿಗ ಹಿರಿಯರ ಮತ. ನೆಲ್ಲಿಯ ಮರಗಳನ್ನು ಹೀರುವ ಬದನಿಕೆಯ ವಿಷಯದಲ್ಲಿಯೂ ಅವರು ಅದನ್ನೇ ಹೇಳಿದರು. ಬೆಂಕಿಯು ಎಷ್ಟು, ಎಲ್ಲಿ, ಯಾವಾಗ ಹಿತ ಎಂಬುದರಲ್ಲಿ ವಿದ್ವಾಂಸರಲ್ಲಿ ಇನ್ನೂ ಚರ್ಚೆಯುಂಟು. ಆದರೆ ಸೋಲಿಗರ ಮಾತು ವಿಚಾರಕ್ಕೆ ಯೋಗ್ಯವಾದುದೆಂಬುದು ಮಾತ್ರ ಸ್ಥಿರಪಟ್ಟಿತು. ಕಾಡನ್ನು ಆಳುವ ಮೇಜಿನ ಬಳಿ ಮರವೇರುವವನಿಗೂ ಒಂದು ಆಸನವಿದ್ದಿದ್ದರೆ, ಈ ಮಾತು ಮೂವತ್ತು ವರ್ಷ ಮೊದಲೇ ಕಿವಿಗೆ ಬೀಳುತ್ತಿತ್ತಲ್ಲವೇ?

ಹೊರನಾಡಿನ ಒಂದು ದೃಷ್ಟಾಂತವು ಇಲ್ಲಿ ಉಪಯುಕ್ತವಾದೀತು. ಆಸ್ಟ್ರೇಲಿಯಾ ಖಂಡದ ನಡುವೆ ಉಲೂರು ಎಂಬ ಕೆಂಪು ಬಂಡೆಯ ಬೆಟ್ಟವಿದೆ. ಅದು ಅನಂಗು ಎಂಬ ಮೂಲನಿವಾಸಿಗಳಿಗೆ ಪವಿತ್ರ. ಅಲ್ಲಿ ಹತ್ತುವವರು ಸ್ಥಳೀಯರಲ್ಲ, ವಿನೋದಕ್ಕಾಗಿ ಬರುವ ಪ್ರವಾಸಿಗಳು. ಅವರ ಹಿಡಿತಕ್ಕೆಂದು 1964ರಲ್ಲಿ ಬಂಡೆಗೆ ಸರಪಣಿಯನ್ನು ಬಿಗಿದಿದ್ದರು. 1985ರ ಅಕ್ಟೋಬರ್ 26ರಂದು ಸರ್ಕಾರವು ಆ ರಾಷ್ಟ್ರೀಯ ಉದ್ಯಾನದ ಒಡೆತನವನ್ನು ಅನಂಗು ಜನರಿಗೆ ಹಿಂದಿರುಗಿಸಿತು. ಅವರು ಅದನ್ನು 99 ವರ್ಷಗಳ ಗೇಣಿಗೆ ಸರ್ಕಾರಕ್ಕೇ ಕೊಟ್ಟು, ಆಡಳಿತ ಮಂಡಲಿಯಲ್ಲಿ ತಮ್ಮವರೇ ಹೆಚ್ಚಾಗಿರುವಂತೆ ನೋಡಿಕೊಂಡರು. ಉದ್ಯಾನವು ಉದ್ಯಾನವಾಗಿಯೇ ಉಳಿಯಿತು. 2017ರಲ್ಲಿ ಮಂಡಲಿಯು ಹತ್ತುವುದನ್ನು ನಿಲ್ಲಿಸಲು ಒಮ್ಮತದಿಂದ ನಿರ್ಣಯಿಸಿತು. 2019ರ ಅಕ್ಟೋಬರ್ 26ರಿಂದ ಅದು ನಿಂತಿತು. ಅಲ್ಲಿ ಹತ್ತಬೇಡಿರೆಂದು ಕೇಳಿದವರು ನೆಲದ ಮಕ್ಕಳು. ಇಲ್ಲಿ ಹತ್ತಲು ಬಿಡಿರೆಂದು ಕೇಳುವವರು ನೆಲದ ಮಕ್ಕಳು. ಬೇಡಿಕೆಗಳು ಎದುರುಬದುರಾಗಿ ಕಂಡರೂ ನ್ಯಾಯವು ಒಂದೇ: ಆ ನೆಲದ ಮೇಲೆ ಏನು ನಡೆಯಬೇಕೆಂಬ ನಿರ್ಣಯದಲ್ಲಿ ಅದನ್ನು ಬಲ್ಲವರ ಮಾತು ಸಲ್ಲಬೇಕು.

ಈ ನ್ಯಾಯವು ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಊರಿಲ್ಲ. ನಾಗರಹೊಳೆಯ ರಾಷ್ಟ್ರೀಯ ಉದ್ಯಾನದಲ್ಲಿ ಜೇನನ್ನೇ ಹೆಸರಾಗಿ ಉಳ್ಳ ಜೇನುಕುರುಬರ ಐವತ್ತರಷ್ಟು ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಿರಿಯರು ಬಾಳಿದ ನೆಲಕ್ಕೆ ಮರಳಿ ಬಂದು ಹಕ್ಕನ್ನು ಕೇಳಿದುವು. ಅರಣ್ಯ ಇಲಾಖೆಯು ಅದಕ್ಕೆ ಒಪ್ಪಲಿಲ್ಲ. ಅದರ ಮರುತಿಂಗಳೇ ನಮ್ಮ ಹನೂರು ಸೀಮೆಯ ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷವಿಟ್ಟ ಹಸುವಿನ ಕಳೇಬರವನ್ನು ತಿಂದು ಸತ್ತುವು. ಹಸುವನ್ನು ಕಳೆದುಕೊಂಡ ಸಿಟ್ಟಿನ ಕೃತ್ಯವಿದೆಂದು ತನಿಖೆಯಲ್ಲಿ ಹೇಳಲಾಯಿತು. ಆ ಪಾಪವನ್ನು ಯಾವ ಸಿಟ್ಟೂ ತೊಳೆಯಲಾರದು. ಆದರೂ ಒಂದು ಮಾತನ್ನು ಯೋಚಿಸಬೇಕು. ಹುಲಿಗೆಂದು ನೆಲದಲ್ಲಿ ಜೇನನ್ನಿಡುವ ಕೈಯೂ ಇದೇ ನಾಡಿನದು. ಹುಲಿಗೆಂದು ನೆಲದಲ್ಲಿ ವಿಷವನ್ನಿಡುವ ಕೈಯೂ ಇದೇ ನಾಡಿನದು. ಕಾಡು ನನ್ನದೂ ಹೌದೆಂಬ ಭಾವವಿರುವಲ್ಲಿ ಮೊದಲನೆಯ ಕೈ ಬೆಳೆಯುತ್ತದೆ. ಕಾಡು ಪರರದು, ನಷ್ಟ ಮಾತ್ರ ನನ್ನದು ಎಂಬ ಭಾವವಿರುವಲ್ಲಿ ಎರಡನೆಯದು. ಎಷ್ಟು ಕಾವಲುಗಾರರನ್ನಿಟ್ಟರೂ ಆ ಭಾವವನ್ನು ಕಾಯಲಾಗದು.

ಹಕ್ಕುಪತ್ರವನ್ನು ಕೊಟ್ಟುದು ಆರಂಭ ಮಾತ್ರ. ಯಾವ ಮರದ ಜೇನನ್ನು ಈ ವರ್ಷ ಬಿಡಬೇಕು, ಯಾವ ಕಣಿವೆಯ ಲಂಟಾನವನ್ನು ಮೊದಲು ಕಡಿಯಬೇಕು, ಎರೆಯನ್ನು ಪೂರ್ತಿ ಕಿತ್ತವನಿಗೆ ಯಾವ ದಂಡ ಎಂಬುದನ್ನು ಗ್ರಾಮಸಭೆಯು ನಿರ್ಣಯಿಸಬೇಕು; ಇಲಾಖೆಯವರು ಅದನ್ನು ಕಿವಿಗೊಟ್ಟು ಕೇಳಬೇಕು. ಭೋಗವಿದ್ದಲ್ಲಿ ಪಾಲನೆಯೂ ಇರಬೇಕೆಂಬ ನಿಯಮವು ರಾಜನಿಗೆ ಹೇಗೋ ಸೋಲಿಗನಿಗೂ ಹಾಗೆಯೇ.

ಬಯಲಿನ ಗೃಹಸ್ಥರಾದ ನಾವು ಮಾಡತಕ್ಕ ಸಣ್ಣ ಕರ್ತವ್ಯವೂ ಒಂದುಂಟು. ಜೇನುತುಪ್ಪವನ್ನು ಕೊಳ್ಳುವಾಗ ಬೆಲೆಯನ್ನಷ್ಟೇ ಕೇಳದೆ, ಅದು ಎಲ್ಲಿಯದು, ಇಳಿಸಿದವನಿಗೆ ಎಷ್ಟು ಸಂದಿತು ಎಂದೂ ಕೇಳೋಣ. ಗಿರಿಜನರ ಸಹಕಾರ ಸಂಘದ ಸರಕು ಸಿಗುವಲ್ಲಿ ಅದನ್ನೇ ಕೊಳ್ಳೋಣ. ನಮ್ಮ ಹೊಲದ ಎಲ್ಲೆಯಲ್ಲಿ ಒಂದು ಕಲ್ಲು ಸರಿದರೂ ಕಛೇರಿಗೆ ಹತ್ತಿಳಿಯುವ ನಾವು, ಬೆಟ್ಟದ ಮೇಲಿನವನು ತನ್ನ ಎಲ್ಲೆಯನ್ನು ಕೇಳಿದಾಗ ಅದು ಅತಿಯಾಸೆಯೆಂದು ಹೇಳುವುದು ತಕ್ಕುದಲ್ಲ.