ಐದು ಗಂಟೆಗೆ ಮುಂಚಿನ ರಾತ್ರಿ

ಕಪ್ಪು ಹಿನ್ನೆಲೆಯ ಮೇಲೆ ಲೆಕ್ಕವಿಲ್ಲದಷ್ಟು ಬೆಳಕಿನ ಚೌಕಗಳು. ಮೊದಲ ನೋಟಕ್ಕೆ ತಾರಾಗಣವೇ ನೆಲಕ್ಕಿಳಿದಂತೆ ತೋರುತ್ತದೆ. ದೃಷ್ಟಿಯಿಟ್ಟು ನೋಡಿದರೆ ಅವೆಲ್ಲವೂ ಕಿಟಕಿಗಳೆಂಬುದು ನಮಗೆ ತಿಳಿಯುತ್ತದೆ. ಕಟ್ಟಡಗಳ ನಡುವಣ ಕಂದರಗಳಲ್ಲಿ ಬೀದಿಗಳು ಬೆಳಕಿನ ಹೊಳೆಗಳಾಗಿ ಹರಿದಿವೆ. ಅಮೆರಿಕದ ಛಾಯಾಗ್ರಾಹಕಿ ಬೆರೆನಿಸ್ ಆಬಟ್ (1898–1991) ಅವರು 1930ರ ದಶಕದ ಪೂರ್ವಾರ್ಧದಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನ ಅಂತಸ್ತಿನ ಕಿಟಕಿಯೊಂದರಿಂದ ತೆಗೆದ ನ್ಯೂಯಾರ್ಕ್ ನಗರದ ರಾತ್ರಿನೋಟವಿದು.

ರಾತ್ರಿಯೆಂದರೆ ಎಷ್ಟು ಗಂಟೆಯಿದ್ದೀತು? ಒಂಬತ್ತೆ? ಹತ್ತೆ? ಎರಡೂ ಅಲ್ಲ, ಸಂಜೆ ಐದಕ್ಕೂ ಮುಂಚೆ!

ಈ ಕಿಟಕಿಗಳಲ್ಲಿ ಬಹುಪಾಲು ಕಚೇರಿಗಳವು. ಐದು ಹೊಡೆದ ಮೇಲೆ ನೌಕರರು ದೀಪವಾರಿಸಿ ಮನೆಗೆ ಹೊರಡುವರು. ಆದುದರಿಂದ ಅವರು ಏಳುವ ಮೊದಲೇ ಕತ್ತಲೆ ಕವಿಯಬೇಕು. ಇಂತಹ ಯೋಗ ಒದಗುವುದೆಂದು? ಉತ್ತರವನ್ನು ಖಗೋಳಶಾಸ್ತ್ರ ಹೇಳುತ್ತದೆ. ಭೂಮಿಯ ಅಕ್ಷವು ಸುಮಾರು 23½ ಡಿಗ್ರಿ ಓರೆಯಾಗಿದೆ. ಡಿಸೆಂಬರಿನಲ್ಲಿ ಉತ್ತರಾರ್ಧಗೋಳವು ಸೂರ್ಯನಿಂದ ಆಚೆಗೆ ವಾಲಿರುವುದರಿಂದ, ಅಲ್ಲಿ ಸಮಭಾಜಕವೃತ್ತದಿಂದ ಉತ್ತರಕ್ಕೆ ಹೋದಷ್ಟೂ ಹಗಲು ಮೊಟಕಾಗುತ್ತದೆ. ಸುಮಾರು 41 ಡಿಗ್ರಿ ಅಕ್ಷಾಂಶದಲ್ಲಿರುವ ನ್ಯೂಯಾರ್ಕಿನಲ್ಲಿ ಜೂನ್ ತಿಂಗಳ ಅತಿದೀರ್ಘ ಹಗಲು 15 ಗಂಟೆಗಳಷ್ಟಿದ್ದರೆ, ಡಿಸೆಂಬರಿನ ಅತಿಹ್ರಸ್ವ ಹಗಲು ಒಂಬತ್ತೂಕಾಲು ಗಂಟೆ ಮಾತ್ರ. ಆಗ ಸೂರ್ಯ ಮುಳುಗುವುದು ಸುಮಾರು 4-30ಕ್ಕೆ. ಆಬಟ್ ಅವರು ಆರಿಸಿಕೊಂಡದ್ದು ಈ ದಿನಗಳನ್ನೇ.

ದೊರೆತ ಅವಕಾಶವಾದರೂ ಅರ್ಧಗಂಟೆಯಷ್ಟೆ. ಅದರಲ್ಲಿ 15 ನಿಮಿಷಗಳ ಕಾಲ ಕ್ಯಾಮೆರಾದ ಕಣ್ಣು ತೆರೆದೇ ಇರಬೇಕಾಯಿತು. ಹಗಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ತೆಗೆಯುವ ಚಿತ್ರಕ್ಕೆ ಹೋಲಿಸಿದರೆ ಇದು 90,000 ಪಟ್ಟು ದೀರ್ಘಕಾಲ! ಅಷ್ಟರಲ್ಲಿ ಕ್ಯಾಮೆರಾ ತುಸು ಅಲುಗಿದರೂ ಚೌಕಗಳೆಲ್ಲ ಕಲಸಿಹೋಗುತ್ತಿದ್ದುವು. ಬೆಳಕಿನ ಲೆಕ್ಕ ತಪ್ಪಿದರೆ ಅಂದು ಮತ್ತೊಮ್ಮೆ ಯತ್ನಿಸಲು ಸಮಯವೂ ಇರಲಿಲ್ಲ. ಮೊದಲ ಪ್ರಯತ್ನವೇ ಫಲಿಸಬೇಕಾಗಿತ್ತು, ಫಲಿಸಿತು.

ಚಿತ್ರದಲ್ಲಿ ಮನುಷ್ಯರೇ ಇಲ್ಲವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಬೀದಿಯಲ್ಲಿ ನಡೆಯುವವನು ಒಂದೆಡೆ ನಿಲ್ಲುವುದು ಕ್ಷಣಮಾತ್ರ. ಇಷ್ಟು ದೀರ್ಘಾವಧಿಯ ಚಿತ್ರದಲ್ಲಿ ಅವನ ಗುರುತು ಉಳಿಯದು. ಚಲಿಸುವ ವಾಹನಗಳ ದೀಪಗಳು ಮಾತ್ರ ಗೆರೆಗಳನ್ನೆಳೆದು ಹೋಗುತ್ತವೆ. ಆದರೆ ಬೆಳಗುತ್ತಿರುವ ಕಿಟಕಿಗಳ ಹಿಂದೆ ಮನೆಯ ದಾರಿ ನೆನೆಯುತ್ತ ದುಡಿಯುತ್ತಿದ್ದವರು ಎಷ್ಟು ಮಂದಿಯೊ! ಅವರು ಕಾಣದಿದ್ದರೂ ಈ ಚಿತ್ರ ಅವರದೇ ದೀಪಗಳಿಂದಾದುದು.

ಇದೇ ಆಬಟ್ ಅವರು 1958ರಿಂದ ಕೆಲವು ವರ್ಷ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರದ ಪಾಠಗಳಿಗಾಗಿ ಪುಟಿಯುವ ಚೆಂಡಿನ, ನೀರಿನ ತರಂಗಗಳ ಚಿತ್ರಗಳನ್ನು ತೆಗೆದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೂರ್ಯನ ಗತಿಯನ್ನೂ ಕಚೇರಿಯ ಗಡಿಯಾರವನ್ನೂ ಒಟ್ಟಿಗೆ ಎಣಿಸಿದವರಿಗೆ ಕಲೆಯಿಂದ ವಿಜ್ಞಾನ ದೂರವಿರಲಿಲ್ಲ. ಇನ್ನು ಮುಂದೆ ಸುಂದರವಾದ ಛಾಯಾಚಿತ್ರವೊಂದನ್ನು ಕಂಡಾಗ ನಾವೂ ಕೇಳಿಕೊಳ್ಳೋಣ: ಇದು ಯಾವ ಹೊತ್ತು? ಎಷ್ಟು ಹೊತ್ತು?