ಮಾದಕ ವ್ಯಸನ: ಅದರ ಕಾರಣಗಳು ಮತ್ತು ರಾಜ್ಯನೀತಿ

ಕನ್ನಡದಲ್ಲಿ ‘ವ್ಯಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಿಡಲಾಗದ ದುಶ್ಚಟವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಜೈನ ಗ್ರಂಥಗಳು ಎಣಿಸುವ ಸಪ್ತವ್ಯಸನಗಳಲ್ಲಿ ಮದ್ಯಪಾನದೊಡನೆ ಜೂಜು, ಬೇಟೆ, ಕಳವು ಮೊದಲಾದುವೂ ಸೇರಿವೆ. ವ್ಯಸನವು ಕೇವಲ ಪದಾರ್ಥದಲ್ಲಿ ಅಡಗಿದೆಯೆಂದು ನಮ್ಮ ಹಿಂದಿನವರು ಭಾವಿಸಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ 1912ರ ಹೇಗ್ ಅಫೀಮು ಒಪ್ಪಂದದಿಂದ 1961ರ ವಿಶ್ವಸಂಸ್ಥೆಯ ಒಪ್ಪಂದದವರೆಗೆ ರಾಷ್ಟ್ರಗಳು ಮಾಡಿಕೊಂಡ ಏರ್ಪಾಡುಗಳ ಮುಖ್ಯ ಲಕ್ಷ್ಯವೆಲ್ಲ ಪದಾರ್ಥದ ನಿಯಂತ್ರಣದ ಮೇಲೆಯೇ ಇದ್ದಿತು. ಇದು ಎಷ್ಟರಮಟ್ಟಿಗೆ ಸಾಕಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಪದಾರ್ಥದ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಅಫೀಮು, ಅದರಿಂದ ದೊರೆಯುವ ಮಾರ್ಫೀನು, ಮಾರ್ಫೀನಿನಿಂದ ತಯಾರಾಗುವ ಹೆರಾಯಿನು ಇವು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸ್ರಾವವನ್ನು ಹೆಚ್ಚಿಸುತ್ತವೆ. ಒಮ್ಮೆ ಮಾಡಿದುದನ್ನು ಮತ್ತೆ ಮಾಡಬೇಕೆಂಬ ಪ್ರೇರಣೆ ಇದರಿಂದ ಬಲಗೊಳ್ಳುತ್ತದೆ. ಕ್ರಮೇಣ ದೇಹವು ಅದಕ್ಕೆ ಒಗ್ಗಿಹೋಗಿ, ಮೊದಲಿನ ಪ್ರಮಾಣ ಸಾಲದಾಗುತ್ತದೆ. ನಿಲ್ಲಿಸಿದರೆ ನೋವು, ವಾಂತಿ, ನಿದ್ರಾನಾಶಗಳು ಕಾಡುತ್ತವೆ. ಆದರೂ ಇಂತಹ ವಸ್ತುಗಳನ್ನು ಒಮ್ಮೆ ಸೇವಿಸಿದವರಲ್ಲಿ ಹೆಚ್ಚಿನವರು ವ್ಯಸನಿಗಳಾಗುವುದಿಲ್ಲ. ಯಾರು ಆಗುತ್ತಾರೆಂಬುದು ಅನುವಂಶಿಕತೆ, ಬಾಲ್ಯದಲ್ಲಿ ಅನುಭವಿಸಿದ ಕಷ್ಟ, ಸೇವನೆ ಪ್ರಾರಂಭವಾದ ವಯಸ್ಸು, ಸುತ್ತಣ ಸನ್ನಿವೇಶ ಇವುಗಳನ್ನು ಅವಲಂಬಿಸಿರುತ್ತದೆ.

ಸನ್ನಿವೇಶದ ಪಾತ್ರವನ್ನು ತೋರಿಸಿಕೊಟ್ಟ ಪ್ರಸಿದ್ಧ ನಿದರ್ಶನವು ವಿಯೆಟ್ನಾಂ ಯುದ್ಧದಲ್ಲಿ ದೊರೆಯಿತು. ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಶುದ್ಧವಾದ ಹೆರಾಯಿನು ಅಗ್ಗದ ಬೆಲೆಗೆ ಸಿಗುತ್ತಿದ್ದಿತು. 1971ರಲ್ಲಿ ಅಮೆರಿಕ ಸರ್ಕಾರವು, ತಾಯ್ನಾಡಿಗೆ ಹೊರಡುವ ಸೈನಿಕರ ಮೂತ್ರಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಸಮಾಜವಿಜ್ಞಾನಿ ಲೀ ರಾಬಿನ್ಸ್ ಅವರು ಆ ವರ್ಷದ ಸೆಪ್ಟೆಂಬರಿನಲ್ಲಿ ಹಿಂದಿರುಗಿದ ಸೈನಿಕರಲ್ಲಿ ಸುಮಾರು 900 ಮಂದಿಯನ್ನು ಸಂದರ್ಶಿಸಿದರು. ಇವರ ಪೈಕಿ ಐವರಲ್ಲೊಬ್ಬರು ವಿಯೆಟ್ನಾಮಿನಲ್ಲಿ ತಾವು ವ್ಯಸನಿಗಳಾಗಿದ್ದುದಾಗಿ ಒಪ್ಪಿಕೊಂಡರು. ಆದರೆ ಹೀಗೆ ವ್ಯಸನಿಗಳಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷದೊಳಗೆ ಮತ್ತೆ ವ್ಯಸನಕ್ಕೆ ಒಳಗಾದವರು ನೂರಕ್ಕೆ ಸುಮಾರು 5 ಮಂದಿ. ಮೂರು ವರ್ಷಗಳ ಅವಧಿಯಲ್ಲಿ ಸುಮಾರು 12 ಮಂದಿ. ಹೆರಾಯಿನಿನ ಹಿಡಿತಕ್ಕೆ ಸಿಕ್ಕಿದವನು ಎಂದೆಂದಿಗೂ ಬಿಡಿಸಿಕೊಳ್ಳಲಾರನೆಂಬ ಅಂದಿನ ನಂಬಿಕೆ ಇದರಿಂದ ಅಲುಗಾಡಿತು. ಭಯ, ಬೇಸರ, ಸುಲಭ ಲಭ್ಯತೆ ಇವು ಮೂರೂ ಕೂಡಿದ್ದ ಸ್ಥಳವನ್ನು ಬಿಟ್ಟು, ಮನೆ, ಉದ್ಯೋಗ, ಬಂಧುಬಳಗಗಳಿದ್ದ ಕಡೆಗೆ ಅವರು ಬಂದಿದ್ದರೆಂಬುದನ್ನು ಮರೆಯಬಾರದು. ಆದರೆ ಎಲ್ಲರಿಗೂ ಇಂತಹ ಮರಳುವ ಊರು ಇರುವುದಿಲ್ಲ. ವ್ಯಸನವನ್ನು ಬೆಳೆಸಿದ ಬೀದಿಯಲ್ಲಿಯೇ ಬದುಕಬೇಕಾದವನ ಪಾಡು ಬೇರೆ.

ಕಾರಣಗಳು ಅನೇಕವಾಗಿರುವಾಗ ರಾಜ್ಯನೀತಿಯು ಒಂದನ್ನೇ ಹಿಡಿದರೆ ಏನಾಗುತ್ತದೆ, ಹಲವನ್ನು ಒಟ್ಟಿಗೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಪೋರ್ಚುಗಲ್ ದೇಶದ ಅನುಭವ ಉಪಯುಕ್ತವಾಗಿದೆ. 1974ರಲ್ಲಿ ಸರ್ವಾಧಿಕಾರ ಕೊನೆಗೊಂಡ ಮೇಲೆ ಅಲ್ಲಿ ಮಾದಕ ವಸ್ತುಗಳ ಬಳಕೆ ಹರಡಿತು. 1990ರ ದಶಕದ ಹೊತ್ತಿಗೆ ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೊಬ್ಬರು ಹೆರಾಯಿನಿಗೆ ಬಲಿಯಾಗಿದ್ದರೆಂದು ಅಂದಾಜು. ಶಿಕ್ಷೆಯ ಭಯ ಅದನ್ನು ತಡೆಯಲಿಲ್ಲ. 1998ರಲ್ಲಿ ತಜ್ಞರ ಸಮಿತಿಯೊಂದು ನೇಮಕವಾಯಿತು. ಅದರ ಸಲಹೆಯನ್ನು ಅನುಸರಿಸಿದ ಕಾನೂನು 2001ರ ಜುಲೈ 1ರಂದು ಜಾರಿಗೆ ಬಂದಿತು. ಹತ್ತು ದಿನಗಳ ಸ್ವಂತ ಬಳಕೆಗೆ ಮೀರದಷ್ಟನ್ನು ಇಟ್ಟುಕೊಳ್ಳುವುದು ಇನ್ನು ಅಪರಾಧವಾಗಿ ಉಳಿಯಲಿಲ್ಲ. ಆದರೆ ನಿಷೇಧವೂ ರದ್ದಾಗಲಿಲ್ಲ. ಸಿಕ್ಕಿಬಿದ್ದವನು ನ್ಯಾಯಾಲಯಕ್ಕೆ ಬದಲಾಗಿ ಮೂವರು ಸದಸ್ಯರ ಮಂಡಲಿಯೊಂದರ ಮುಂದೆ ಹಾಜರಾಗಬೇಕು. ಆ ಮಂಡಲಿ ಅವನ ಸ್ಥಿತಿಯನ್ನು ವಿಚಾರಿಸಿ ಚಿಕಿತ್ಸೆಯ ಕಡೆಗೆ ಕಳುಹಿಸುತ್ತದೆ. ಮಾರಾಟವು ಮೊದಲಿನಂತೆಯೇ ದಂಡನಾರ್ಹ. ಇದರೊಡನೆ ಮೆಥಡೋನ್ ಚಿಕಿತ್ಸೆ, ಶುದ್ಧ ಸೂಜಿಗಳ ವಿತರಣೆ, ಉದ್ಯೋಗಕ್ಕೆ ನೆರವು ಇವೂ ವಿಸ್ತರಿಸಿದವು. ಸೂಜಿಯಿಂದ ಮಾದಕ ಸೇವಿಸುವವರಲ್ಲಿ ಹೊಸದಾಗಿ ಪತ್ತೆಯಾಗುತ್ತಿದ್ದ ಎಚ್.ಐ.ವಿ. ಸೋಂಕುಗಳು 2001ರಲ್ಲಿ ಸಾವಿರಕ್ಕೂ ಮಿಕ್ಕಿದ್ದವು. 2012ರ ವೇಳೆಗೆ ನೂರಕ್ಕಿಂತ ಕೆಳಗಿಳಿದವು.

ಈ ಫಲವು ಶಿಕ್ಷೆಯನ್ನು ತೆಗೆದುದರಿಂದಲೇ ಬಂದಿತೆಂದು ತಿಳಿಯುವುದು ತಪ್ಪಾದೀತು. ಅಮೆರಿಕದ ಆರೆಗಾನ್ ರಾಜ್ಯವು 2020ರ ಜನಮತದ ಮೂಲಕ ಶಿಕ್ಷೆಯನ್ನು ತೆಗೆದು, 2021ರ ಫೆಬ್ರುವರಿಯಿಂದ ಅದನ್ನು ಜಾರಿಗೊಳಿಸಿತು. ಆದರೆ ಚಿಕಿತ್ಸೆಗೆಂದು ಮೀಸಲಾದ ಹಣ ಕೇಂದ್ರಗಳನ್ನು ತಲಪಲು ತಡವಾಯಿತು. ವ್ಯಸನಿಯನ್ನು ಚಿಕಿತ್ಸೆಗೆ ಕರೆತರುವ ಮಂಡಲಿಗಳೂ ಇರಲಿಲ್ಲ. ಅದೇ ಕಾಲಕ್ಕೆ ಫೆಂಟನಿಲ್ ಎಂಬ ಅತಿ ತೀಕ್ಷ್ಣ ವಸ್ತು ಅಲ್ಲಿ ಹರಡಿತು. 2024ರ ಸೆಪ್ಟೆಂಬರಿನಲ್ಲಿ ಆ ರಾಜ್ಯವು ಮತ್ತೆ ಶಿಕ್ಷೆಯನ್ನು ತಂದಿತು.

ನಮ್ಮ ದೇಶದ 1985ರ ಮಾದಕ ವಸ್ತುಗಳ ಅಧಿನಿಯಮವನ್ನು ಈ ಬೆಳಕಿನಲ್ಲಿ ಓದಬೇಕು. ಅದರ 27ನೆಯ ಪ್ರಕರಣವು ಸೇವನೆಯನ್ನೇ ಅಪರಾಧವೆಂದೆಣಿಸಿ ಸೆರೆವಾಸವನ್ನು ವಿಧಿಸುತ್ತದೆ. ಆದರೆ ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಪ್ರಕರಣವೂ ಅದರಲ್ಲಿಯೇ ಉಂಟು. ದಯೆಯ ಬಾಗಿಲು ಕಾನೂನಿನಲ್ಲಿ ಇದೆ. ಅದರಾಚೆ ಚಿಕಿತ್ಸಾಲಯ ಇರಬೇಕಷ್ಟೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಫೀಮು ವರ್ಗದ ವಸ್ತುಗಳ ಸೇವನೆಯಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 77 ಲಕ್ಷ ಮಂದಿ. ಕಾನೂನು ಅಷ್ಟಾಗಿ ಅಡ್ಡಬಾರದ ಮದ್ಯವ್ಯಸನದಲ್ಲಿ ಸಹ ಚಿಕಿತ್ಸೆ ದೊರೆತುದು 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ ಕಡೆ ವ್ಯಸನ ಚಿಕಿತ್ಸೆಯ ವಿಶೇಷ ವ್ಯವಸ್ಥೆಯಿದೆ. ಆದರೆ ದೂರದ ತಾಲ್ಲೂಕಿನ ಕೂಲಿಗಾರನಿಗೆ ದಿನದ ಕೂಲಿ ಬಿಟ್ಟು ಅಲ್ಲಿಗೆ ಬರುವುದು ಸುಲಭವಲ್ಲ.

ಈ ವಿಷಯವು ಕಾಲೇಜುಗಳಿಗೂ ಸಂಬಂಧಿಸಿದುದೇ ಆಗಿದೆ. ಇಂತಹ ಸೇವನೆ ಬಹುಮಟ್ಟಿಗೆ ಪ್ರಾರಂಭವಾಗುವುದು ವಿದ್ಯಾರ್ಥಿದೆಸೆಯ ವಯಸ್ಸಿನಲ್ಲಿ. ತರಗತಿಗೆ ತಪ್ಪಿಸಿಕೊಳ್ಳತೊಡಗಿದ ಹುಡುಗನನ್ನು ಮೊದಲು ಗಮನಿಸಬಲ್ಲವರು ಅಧ್ಯಾಪಕರು, ಸಹಪಾಠಿಗಳು. ಹೊರಹಾಕುವರೆಂಬ ಭಯವಿದ್ದಲ್ಲಿ ಅವನು ತನ್ನ ಸ್ಥಿತಿಯನ್ನು ಮುಚ್ಚಿಡುತ್ತಾನೆ, ಹೇಳಿಕೊಳ್ಳುವ ವೇಳೆಗೆ ಕಾಲ ಮೀರಿರುತ್ತದೆ. ವ್ಯಸನವೆಂಬ ಶಬ್ದದ ಎರಡನೆಯ ಅರ್ಥವನ್ನೂ ನೆನಪಿನಲ್ಲಿಟ್ಟುಕೊಂಡು ಅವನನ್ನು ವಿಚಾರಿಸುವುದು, ವೈದ್ಯರಲ್ಲಿಗೆ ತಾವೇ ಕರೆದೊಯ್ಯುವುದು, ಯಾವ ಹೊಸ ಕಾನೂನಿಗೂ ಕಾಯದೆ ಇಂದೇ ಮಾಡಬಹುದಾದ ಕೆಲಸ.