ಬೆಕ್ಕಿಗೆ ಜಂತು ಔಷಧಿ: ಯಾವ ಹುಳಕ್ಕೆ ಯಾವುದು?

ಬಿಡದಿ ಕೈಗಾರಿಕಾ ಪ್ರದೇಶದ ಸುತ್ತ ರಾಗಿ, ತರಕಾರಿ, ರೇಷ್ಮೆ ಮಾಡೋ ಮನೆಗಳಲ್ಲಿ ಬೆಕ್ಕು ಸಾಕೋದು ಮುದ್ದಿಗಿಂತ ಹೆಚ್ಚಾಗಿ ಇಲಿ ಕಾಟಕ್ಕೆ. ಆದರೆ ಇಲಿ ತಿನ್ನೋ ಬೆಕ್ಕಿಗೆ ಹೊಟ್ಟೆಹುಳವೂ ತಪ್ಪಲ್ಲ. ನಮ್ಮ ಬೆಕ್ಕಿಗೆ ಔಷಧಿ ಹಾಕಿದ ಮೇಲೂ ಬಾಲದ ಕೆಳಗೆ ಅಕ್ಕಿಕಾಳಿನಂಥದ್ದು ಅಂಟಿಕೊಂಡಿತ್ತು. ಔಷಧಿ ಕೆಟ್ಟಿರಲಿಲ್ಲ, ನಾನು ಹಾಕಿದ್ದು ಬೇರೆ ಹುಳದ ಔಷಧಿ.

ಮೊದಲು ಹುಳ ಗುರುತಿಸಿ

ವಾಂತಿ ಅಥವಾ ಮಲದಲ್ಲಿ ಶಾವಿಗೆಯಂತೆ ಕಂಡರೆ ದುಂಡುಹುಳ. ಮರಿಗಳಿಗೆ ತಾಯಿ ಹಾಲಿನಿಂದಲೂ ಬರುತ್ತೆ, ಹೊಟ್ಟೆ ಉಬ್ಬುತ್ತೆ. ಅಕ್ಕಿಕಾಳಿನಂಥ ತುಣುಕು ಲಾಡಿಹುಳದ್ದು. ಇದು ಇಲಿ ತಿಂದರೆ ಅಥವಾ ಚಿಗಟ ನುಂಗಿದರೆ ಬರುತ್ತೆ. ಕೊಕ್ಕೆಹುಳ ಸಾಮಾನ್ಯವಾಗಿ ಕಣ್ಣಿಗೆ ಬೀಳಲ್ಲ. ಒಸಡು ಬಿಳಿಚಿಕೊಂಡಿದ್ದರೆ ಮಲ ಪರೀಕ್ಷೆ ಮಾಡಿಸಿ.

ಮೂರು ಔಷಧಿ, ಮೂರು ಕೆಲಸ

ಪೈರಾಂಟೆಲ್: ದುಂಡುಹುಳ, ಕೊಕ್ಕೆಹುಳಕ್ಕೆ. ಮರಿಗಳಿಗೂ ಕೊಡಬಹುದು. ಲಾಡಿಹುಳಕ್ಕೆ ಆಗಲ್ಲ.

ಪ್ರಾಜಿಕ್ವಾಂಟೆಲ್: ಲಾಡಿಹುಳಕ್ಕೆ ಮಾತ್ರ. ಇವೆರಡೂ ಸೇರಿದ ಬೆಕ್ಕಿನ ಮಾತ್ರೆ ಸಿಗುತ್ತೆ. ಇಲಿ ಹಿಡಿಯೋ ಬೆಕ್ಕಿಗೆ ಅದೇ ಸೂಕ್ತ.

ಫೆನ್‌ಬೆಂಡಜೋಲ್: ಸತತ ಮೂರು ದಿನವಾದರೂ ಕೊಡಬೇಕು. ದುಂಡುಹುಳ, ಕೊಕ್ಕೆಹುಳ, ಇಲಿಯಿಂದ ಬಂದ ಲಾಡಿಹುಳಕ್ಕೆ ಸರಿ. ಚಿಗಟದಿಂದ ಬಂದ ಲಾಡಿಹುಳ ಹೋಗಲ್ಲ.

ಮರಿಗಳಿಗೆ ಮೂರನೇ ವಾರದಿಂದ ಹಾಲು ಬಿಡುವವರೆಗೆ ಎರಡು ವಾರಕ್ಕೊಮ್ಮೆ, ಜೊತೆಗೆ ತಾಯಿಗೂ. ದೊಡ್ಡ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆಯಾದರೂ ಬೇಕು. ಪ್ರಮಾಣ ತೂಕದ ಮೇಲೆ, ಪಶುವೈದ್ಯರು ಹೇಳಿದಷ್ಟೇ.

ಇವು ಬೇಡ

ಕುರಿಗೆ ತಂದ ಅಲ್ಬೆಂಡಜೋಲ್ ಅಂದಾಜಿನಲ್ಲಿ ಕುಡಿಸಬೇಡಿ, ಬೆಕ್ಕಿನ ಮೂಳೆಮಜ್ಜೆಗೇ ಪೆಟ್ಟು ಬೀಳಬಹುದು. ನಾನು ಸಾವಯವ ಕೃಷಿಕನೇ, ಆದರೂ ಹೇಳ್ತೀನಿ, ಬೆಳ್ಳುಳ್ಳಿ ಬೇಡವೇ ಬೇಡ. ಅದು ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತೆ.

ಚಿಗಟ ಉಳಿದರೆ ಲಾಡಿಹುಳ ಮತ್ತೆ ಬರುತ್ತೆ. ಹಾಗಂತ ರೇಷ್ಮೆ ಮನೆ ಹತ್ತಿರ ಕೀಟನಾಶಕ ಹೊಡೆದರೆ ರೇಷ್ಮೆಹುಳವೇ ಸಾಯುತ್ತೆ. ಬೆಕ್ಕು ಮಲಗೋ ಗೋಣಿಚೀಲವನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೈಗೆ ಹಾಕೋ ಚಿಗಟದ ಔಷಧಿ ವೈದ್ಯರನ್ನು ಕೇಳಿಯೇ ತನ್ನಿ, ಅದನ್ನು ಹಾಕಿದ ಬೆಕ್ಕನ್ನು ಹುಳದ ಮನೆಗೆ ಬಿಡಬೇಡಿ. ನಾಯಿಗೆ ಹಾಕೋ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಸೊಪ್ಪಿನ ಮಡಿಯನ್ನೂ ನೋಡಿ

ಬೆಕ್ಕು ಮಡಿಯ ಮಣ್ಣಲ್ಲಿ ಮಲ ಮಾಡಿದರೆ ದುಂಡುಹುಳದ ಮೊಟ್ಟೆ ತಿಂಗಳುಗಟ್ಟಲೆ ಅಲ್ಲೇ ಉಳಿದು ಮಕ್ಕಳ ಹೊಟ್ಟೆಗೂ ಸೇರಬಹುದು. ಹೊಸ ಮಲದ ಮೊಟ್ಟೆ ಸೋಂಕು ತರೋಕೆ ಕೆಲವು ವಾರ ಬೇಕು. ಅದಕ್ಕೇ ದಿನಾ ತೆಗೆದುಬಿಡಿ, ಮಡಿಗೆ ಬಲೆ ಹಾಕಿ, ಸೊಪ್ಪು ಚೆನ್ನಾಗಿ ತೊಳೆಯಿರಿ.

ಮುಂದಿನ ಸಲ ಹುಳ ಕಂಡರೆ ಮೊದಲು ಮೊಬೈಲಲ್ಲಿ ಫೋಟೋ ತೆಗೀರಿ. ಅದನ್ನ ಪಶು ಆಸ್ಪತ್ರೆಯಲ್ಲಿ ತೋರಿಸಿ, ಆಮೇಲೆ ಔಷಧಿ ತನ್ನಿ.